ಮೋಟಾರು ಗಾಡಿಯ ಶಬ್ದದ ಚರಿತ್ರೆ

ಪರ್ವತದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರುವುದೆಂದು ಊಹಿಸುವುದು ತರ್ಕಶಾಸ್ತ್ರಕ್ಕೆ ಕಾಲಿಟ್ಟ ಪ್ರತಿಯೊಬ್ಬ ವಿದ್ಯಾರ್ಥಿಗೂ ದೊರೆಯುವ ಮೊದಲನೆಯ ಉದಾಹರಣೆ. ಹೊಗೆಯು ಹೇತು, ಬೆಂಕಿಯು ಸಾಧ್ಯ, ಹೊಗೆಯಿರುವೆಡೆಯಲ್ಲೆಲ್ಲ ಬೆಂಕಿಯಿರುವುದೆಂಬ ನಿಯಮವೇ ವ್ಯಾಪ್ತಿ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಇಷ್ಟಕ್ಕೆ ನಿಲ್ಲಿಸದೆ ಇನ್ನೆರಡು ಪ್ರಶ್ನೆಗಳನ್ನು ಕೇಳುತ್ತಿದ್ದರು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಅದನ್ನು ತಿಳಿಯದೆ ಮುಟ್ಟಿದವನ ಗತಿಯೇನು? ದೂರದ ಧೂಳನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದವನ ಜ್ಞಾನವು ಎಂಥದು? ಐವತ್ತು ವರ್ಷಗಳ ಹಿಂದೆ ಕೇಳಿದ ಈ ಪ್ರಶ್ನೆಗಳು ಮೊನ್ನೆ ನಮ್ಮ ಊರಿನ ಬೀದಿಯಲ್ಲಿಯೇ ನನ್ನೆದುರಿಗೆ ಬಂದು ನಿಂತವು.

ನನ್ನೊಡನೆ ಶಾಲೆಯಲ್ಲಿ ಸಂಗೀತವನ್ನು ಕಲಿಸುತ್ತಿದ್ದ ಮಿತ್ರರೊಬ್ಬರು ಈಗ್ಗೆ ಆರು ವರ್ಷಗಳಿಂದ ದೃಷ್ಟಿಯನ್ನು ಕಳೆದುಕೊಂಡಿರುವರು. ಕೋಲನ್ನೂ ಕಿವಿಯನ್ನೂ ನಂಬಿ ಅವರು ಪ್ರತಿದಿನ ಬೆಳಗ್ಗೆ ಒಬ್ಬರೇ ದೇವಸ್ಥಾನಕ್ಕೆ ಹೋಗಿಬರುವುದು ರೂಢಿಯಾಗಿತ್ತು. ಒಂದು ದಿನ ತಿರುವಿನಲ್ಲಿ ವಿದ್ಯುತ್ತಿನಿಂದ ನಡೆಯುವ ಕಾರೊಂದು ಮೆಲ್ಲನೆ ಅವರ ಪಕ್ಕಕ್ಕೇ ಬಂದು, ಕೋಲಿಗೆ ತಗುಲಿ ನಿಂತಿತು. ದೈವವಶಾತ್ ಪೆಟ್ಟಾಗಲಿಲ್ಲ. ನಾನು ಓಡಿಹೋಗಿ ಕೈ ಹಿಡಿದಾಗ ಅವರು, "ಶಾಸ್ತ್ರಿಗಳೇ, ಗಾಡಿ ಬಂದದ್ದು ನನಗೆ ಕೇಳಿಸಲೇ ಇಲ್ಲವಲ್ಲ! ಕಣ್ಣಿನ ಹಿಂದೆಯೇ ಕಿವಿಯೂ ಹೋಯಿತೇ?" ಎಂದು ನಡುಗುವ ದನಿಯಲ್ಲಿ ಕೇಳಿದರು. ಕಿವಿಗೆ ಏನೂ ಆಗಿರಲಿಲ್ಲ, ಗಾಡಿಗೆ ಶಬ್ದವಿರಲಿಲ್ಲ.

ಅದೇ ವಾರದಲ್ಲಿ ಹಳೆಯ ಶಿಷ್ಯನೊಬ್ಬನು ತನ್ನ ಹೊಸ ಪೆಟ್ರೋಲ್ ಕಾರಿನಲ್ಲಿ ನನ್ನನ್ನು ಕುಳ್ಳಿರಿಸಿಕೊಂಡು ಹೋದನು. ಒಳಗೆ ಸಿಂಹಗರ್ಜನೆಯಂತಹ ಶಬ್ದ. ಯಂತ್ರವು ಬಹು ಬಲಿಷ್ಠವಾದುದೆಂದು ನಾನು ಹೊಗಳಲು, ಅವನು ನಕ್ಕು, "ಇದರಲ್ಲಿ ಅರ್ಧ ಸ್ಪೀಕರಿನದು, ಸಾರ್" ಎಂದು ಮುಂದಿನ ಪರದೆಯ ಮೇಲೆ ಬೆರಳನ್ನಿಟ್ಟನು. ಗರ್ಜನೆಯು ಅಡಗಿತು, ವೇಗವು ಇದ್ದಂತೆಯೇ ಇದ್ದಿತು. ಮೊದಲನೆಯದು ಕಾದ ಕಬ್ಬಿಣದ ಗುಂಡು. ಎರಡನೆಯದು ಹೊಗೆಯಂತೆ ತೋರುವ ಧೂಳು. ಇವೆರಡೂ ಒಂದೇ ಕಾಲದಲ್ಲಿ ಹೇಗೆ ಬಂದುವೆಂಬುದನ್ನು ತಿಳಿಯಲು ನಾನು ಮಾಡಿದ ಅಲ್ಪ ಪರಿಶ್ರಮದ ಫಲವನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಶಬ್ದದ ಉತ್ಪತ್ತಿಯನ್ನು ನೋಡೋಣ. ಪೆಟ್ರೋಲ್ ಯಂತ್ರದ ಸಿಲಿಂಡರಿನಲ್ಲಿ ಇಂಧನವು ಉರಿದ ತರುವಾಯ, ಒತ್ತಡದಲ್ಲಿರುವ ಅನಿಲವು ಕವಾಟವು ತೆರೆದೊಡನೆ ಹೊರಕ್ಕೆ ನುಗ್ಗುವುದು. ಇದರ ಒಂದೊಂದು ಬಡಿತವೂ ಗಾಳಿಯಲ್ಲಿ ಒಂದೊಂದು ಅಲೆಯನ್ನೆಬ್ಬಿಸುವುದು. ನಾಲ್ಕು ಸಿಲಿಂಡರುಗಳ ಸಾಧಾರಣ ಯಂತ್ರದಲ್ಲಿ ಸುತ್ತಿಗೆ ಎರಡು ಬಡಿತಗಳು. ನಿಮಿಷಕ್ಕೆ ೩,೦೦೦ ಸುತ್ತು ತಿರುಗಿದರೆ ಸೆಕೆಂಡಿಗೆ ೧೦೦. ಆರು ಸಿಲಿಂಡರುಗಳಿದ್ದರೆ ಅದೇ ವೇಗದಲ್ಲಿ ೧೫೦. ನೂರಕ್ಕೂ ನೂರೈವತ್ತಕ್ಕೂ ಇರುವ ಸಂಬಂಧವು ಷಡ್ಜಕ್ಕೂ ಪಂಚಮಕ್ಕೂ ಇರುವ ಸಂಬಂಧವೇ ಎಂದು ನನ್ನ ಮಿತ್ರರು ಲೆಕ್ಕವನ್ನು ಕೇಳಿದ ಕೂಡಲೇ ಹೇಳಿದರು. ಹೀಗೆ ಯಂತ್ರದ ಶ್ರುತಿಯು ಅದರ ಜಾತಿಯನ್ನೂ ಶ್ರಮವನ್ನೂ ಕೇಳುವವರಿಗೆ ತಾನಾಗಿ ಹೇಳುತ್ತಿದ್ದಿತು. ಯಾರೂ ಇದನ್ನು ಉದ್ದೇಶಪಟ್ಟು ಇಟ್ಟದ್ದಲ್ಲ. ಹೊಗೆಯು ಬೆಂಕಿಯನ್ನು ಅನುಸರಿಸುವಂತೆ ಅದು ಯಂತ್ರವನ್ನು ಅನುಸರಿಸುತ್ತಿದ್ದಿತು.

ಆದರೂ ಬೀದಿಯಲ್ಲಿ ನಡೆಯುವವನಿಗೆ ಮುನ್ಸೂಚನೆಯಿರಬೇಕೆಂಬ ಚಿಂತೆಯು ಪೆಟ್ರೋಲ್ ಗಾಡಿಗಿಂತಲೂ ಹಳೆಯದು. ಇಂಗ್ಲೆಂಡಿನಲ್ಲಿ ೧೮೬೫ರಲ್ಲಿ ಆದ ಕಾನೂನಿನಂತೆ ರಸ್ತೆಯ ಮೇಲೆ ನಡೆಯುವ ಉಗಿಬಂಡಿಯು ಗಂಟೆಗೆ ೪ ಮೈಲಿಗಳನ್ನೂ, ಊರೊಳಗೆ ೨ ಮೈಲಿಗಳನ್ನೂ ಮೀರಕೂಡದು. ಕೆಂಪು ಬಾವುಟವನ್ನು ಹಿಡಿದವನೊಬ್ಬನು ಅದರ ಮುಂದೆ ನಡೆಯಬೇಕು. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಎಂಬವರು ೧೮೮೬ರಲ್ಲಿ ತಮ್ಮ ಮೋಟಾರು ಗಾಡಿಗೆ ಪೇಟೆಂಟು ಪಡೆದರು. ಹತ್ತು ವರ್ಷಗಳ ತರುವಾಯ, ಅಂದರೆ ೧೮೯೬ರಲ್ಲಿ, ಇಂಗ್ಲೆಂಡಿನ ಹಗುರವಾದ ಮೋಟಾರುಗಳು ಮುಂದೆ ನಡೆಯುವ ಆಳಿನ ಕಟ್ಟಳೆಯಿಂದ ಮುಕ್ತವಾದುವು. ಆಳು ಹೋದನು, ಅವನ ಕೆಲಸವನ್ನು ಯಂತ್ರದ ಆರ್ಭಟವೇ ವಹಿಸಿಕೊಂಡಿತೆನ್ನಬಹುದು.

ಆರ್ಭಟವು ಜನರಿಗೆ ಬೇಸರವನ್ನು ತಂದುದೂ ಅಷ್ಟೇ ಸಹಜ. ಅಮೇರಿಕೆಯ ಇಂಡಿಯಾನಾ ಪ್ರಾಂತದ ರೀವ್ಸ್ ಸಹೋದರರು ೧೮೯೭ರಲ್ಲಿ ಹೊಗೆಗೊಳವಿಯ ಸದ್ದನ್ನಡಗಿಸುವ ಪೆಟ್ಟಿಗೆಗೆ ಪೇಟೆಂಟು ಪಡೆದರು. ಇದನ್ನೇ ನಮ್ಮ ಮೆಕ್ಯಾನಿಕ್ಕುಗಳು ಸೈಲೆನ್ಸರ್ ಎನ್ನುವರು. ಯಂತ್ರದ ಫಿರಂಗಿಯಾದ ಮೆಷಿನ್ ಗನ್ನನ್ನು ನಿರ್ಮಿಸಿದ ಹೈರಂ ಮ್ಯಾಕ್ಸಿಮರ ಮಗನೇ ೧೯೦೯ರಲ್ಲಿ ಬಂದೂಕಿನ ಸದ್ದನ್ನಡಗಿಸುವ ಸಾಧನಕ್ಕೆ ಪೇಟೆಂಟು ಪಡೆದು, ಅದೇ ತತ್ತ್ವವನ್ನು ಮೋಟಾರಿಗೂ ಅಳವಡಿಸಿದನು. ತಂದೆಯು ಎಬ್ಬಿಸಿದ ಶಬ್ದವನ್ನು ಮಗನು ಅಡಗಿಸಿದ ಈ ವೃತ್ತಾಂತವು ಚರಿತ್ರೆಯ ವಿನೋದಗಳಲ್ಲೊಂದು. ಆದರೆ ಆ ಕಾಲದಲ್ಲಿಯೇ ಸೈಲೆನ್ಸರನ್ನು ಬಿಟ್ಟು ಅನಿಲವನ್ನು ನೇರವಾಗಿ ಹೊರಬಿಡುವ 'ಕಟೌಟ್' ಎಂಬ ಬಾಗಿಲನ್ನೂ ಅನೇಕ ಗಾಡಿಗಳಲ್ಲಿ ಇಡುತ್ತಿದ್ದರು. ಚಾಲಕರು ಬಲಕ್ಕಾಗಿಯೂ ಬೆಡಗಿಗಾಗಿಯೂ ಅದನ್ನು ತೆರೆಯುತ್ತಿದ್ದುದರಿಂದ ಹಲವು ಅಮೇರಿಕನ್ ನಗರಗಳು ಅದನ್ನು ನಿಷೇಧಿಸಬೇಕಾಯಿತು. ಆದುದರಿಂದ ಗರ್ಜನೆಯ ಆಸೆಯು ಇಂದಿನ ಯುವಕರಿಂದ ಹುಟ್ಟಿದುದಲ್ಲ.

ಆನಂತರದ ಅರ್ಧ ಶತಮಾನವು ಮೌನದ ಅನ್ವೇಷಣೆಗೆ ಸಂದಿತು. ಚಾರ್ಲ್ಸ್ ನೈಟ್ ಎಂಬ ಅಮೇರಿಕನ್ನನು ಕವಾಟಗಳ ಕಟಕಟ ಸದ್ದನ್ನು ಸಹಿಸಲಾರದೆ, ಜಾರುವ ತೋಳಿನಂತಹ ಕವಾಟಗಳುಳ್ಳ ಯಂತ್ರವನ್ನು ನಿರ್ಮಿಸಿದನು. ೧೯೦೭ರಲ್ಲಿ ರೋಲ್ಸ್-ರಾಯ್ಸ್ ಸಂಸ್ಥೆಯು ಬೆಳ್ಳಿಯ ಬಣ್ಣವನ್ನು ಹಚ್ಚಿದ ತನ್ನ ಗಾಡಿಯೊಂದನ್ನು 'ಸಿಲ್ವರ್ ಘೋಸ್ಟ್', ಅಂದರೆ ಬೆಳ್ಳಿಯ ಭೂತ, ಎಂದು ಕರೆಯಿತು. ಭೂತದಂತೆ ಸದ್ದಿಲ್ಲದೆ ಸಂಚರಿಸುವುದೇ ಅದಕ್ಕೆ ಗೌರವವಾಯಿತು. ಆ ದಿನಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಾಡಿಗಳೂ ಇದ್ದು, ಸದ್ದಿಲ್ಲದಿರುವುದೂ ಕೈಯಿಂದ ತಿರುಗಿಸಿ ಹೊರಡಿಸಬೇಕಾಗಿಲ್ಲದಿರುವುದೂ ಅವುಗಳ ಗುಣಗಳಾಗಿದ್ದುವು. ೧೯೧೨ರ ಕ್ಯಾಡಿಲ್ಯಾಕ್ ಗಾಡಿಯೊಡನೆ ವಿದ್ಯುತ್ ಸ್ಟಾರ್ಟರು ಪೆಟ್ರೋಲ್ ಯಂತ್ರಕ್ಕೂ ದೊರೆತ ಮೇಲೆ ಅವು ಕ್ರಮೇಣ ಹಿಂದಾದುವು. ೧೯೫೮ರಲ್ಲಿ ಡೇವಿಡ್ ಓಗಿಲ್ವಿಯವರು ರೋಲ್ಸ್-ರಾಯ್ಸ್‌ಗಾಗಿ ಬರೆದ ಪ್ರಸಿದ್ಧವಾದ ಜಾಹೀರಾತು, ೬೦ ಮೈಲಿ ವೇಗದಲ್ಲಿಯೂ ಗಾಡಿಯೊಳಗಿನ ಗಡಿಯಾರದ ಸದ್ದೇ ಹೆಚ್ಚಿನದೆಂದು ಸಾರಿತು. ಮೌನವೇ ಸಿರಿವಂತಿಕೆಯ ಲಕ್ಷಣವಾಗಿತ್ತು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬಹುದೆಂಬ ಯೋಚನೆಯೂ ಈ ಮಧ್ಯದಲ್ಲಿ ಹುಟ್ಟಿತು. ಶಬ್ದವು ಗಾಳಿಯ ಏರಿಳಿತಗಳ ಪರಂಪರೆ. ಒಂದು ಶಬ್ದದ ಏರಿಗೆ ಇನ್ನೊಂದರ ಇಳಿತವನ್ನು ಸರಿಯಾಗಿ ಹೊಂದಿಸಿದರೆ ಎರಡೂ ಶಮಿಸುವುವು. ಜರ್ಮನಿಯ ಪೌಲ್ ಲ್ಯೂಗ್ ಎಂಬವರು ಈ ತತ್ತ್ವದ ಮೇಲೆ ೧೯೩೩ರಲ್ಲಿ ಪೇಟೆಂಟಿಗೆ ಅರ್ಜಿಯನ್ನಿತ್ತು, ೧೯೩೬ರಲ್ಲಿ ಅಮೇರಿಕೆಯ ಪೇಟೆಂಟನ್ನು ಪಡೆದರು. ಇದನ್ನು ಕಾರ್ಯದಲ್ಲಿ ತೋರಿಸುವಷ್ಟು ಚುರುಕಾದ ಉಪಕರಣಗಳು ಅಂದು ಇರಲಿಲ್ಲ. ೧೯೭೮ರಲ್ಲಿ ಯೂರೋಪಿನಿಂದ ಅಮೇರಿಕೆಗೆ ವಿಮಾನದಲ್ಲಿ ಹೋಗುತ್ತಿದ್ದ ಅಮರ ಬೋಸರು, ಯಂತ್ರದ ಸದ್ದಿನಲ್ಲಿ ಸಂಗೀತವು ಮುಳುಗಿದುದನ್ನು ಕಂಡು, ಸದ್ದನ್ನಡಗಿಸುವ ಕಿವಿಸಾಧನದ ಲೆಕ್ಕವನ್ನು ದಾರಿಯಲ್ಲಿಯೇ ಹಾಕತೊಡಗಿದರಂತೆ. ಇವರ ತಂದೆಯವರು ವಂಗದೇಶದ ಸ್ವಾತಂತ್ರ್ಯ ಹೋರಾಟಗಾರರಾಗಿದ್ದು ಅಮೇರಿಕೆಗೆ ವಲಸೆಹೋದವರು. ಈಗ ಅನೇಕ ಕಾರುಗಳಲ್ಲಿ ಮೈಕುಗಳು ಒಳಗಿನ ಗುಂಯ್‌ಗುಟ್ಟುವಿಕೆಯನ್ನು ಆಲಿಸಿ, ಸ್ಪೀಕರುಗಳು ಪ್ರತಿಶಬ್ದದಿಂದ ಅದನ್ನು ಕುಗ್ಗಿಸುವುವು.

ಇಲ್ಲಿಂದ ಚರಿತ್ರೆಯು ಹಿಂದಿರುಗುವುದು. ಇಂಧನದ ಉಳಿತಾಯಕ್ಕಾಗಿ ಯಂತ್ರಗಳು ಚಿಕ್ಕವಾದುವು; ಟರ್ಬೋ ಚಕ್ರವು ಹೊಗೆಯ ದಾರಿಯಲ್ಲಿಯೇ ಕುಳಿತು ಬಡಿತಗಳನ್ನು ಮೆತ್ತಗೆ ಮಾಡಿತು; ಹೊರಗಿನ ಶಬ್ದಕ್ಕೆ ಸರ್ಕಾರಗಳು ಮಿತಿಯನ್ನಿಟ್ಟುವು. ಹಣವನ್ನು ಹೆಚ್ಚಾಗಿ ಕೊಟ್ಟು ವೇಗದ ಗಾಡಿಯನ್ನು ಕೊಂಡವನಿಗೆ ಅದರ ದನಿಯೇ ಕೇಳದಂತಾಯಿತು. ತಯಾರಕರಲ್ಲಿ ಕೆಲವರು ಯಂತ್ರವು ಗಾಳಿಯನ್ನೆಳೆಯುವ ಸದ್ದನ್ನು ಕೊಳವೆಯ ಮೂಲಕ ಒಳಕ್ಕೆ ತಂದರು. ೨೦೧೦ರ ಲೆಕ್ಸಸ್ ಎಲ್‌ಎಫ್‌ಎ ಗಾಡಿಯ ನಾದವನ್ನು ಹದಗೊಳಿಸಿದವರು ವಾದ್ಯಗಳಿಗೆ ಹೆಸರಾದ ಯಮಾಹಾದವರು. ೨೦೧೧ರ ಬಿಎಂಡಬ್ಲ್ಯು ಎಂ೫ ಗಾಡಿಯಲ್ಲಿ ಯಂತ್ರದ ಶಬ್ದವೇ ಸ್ಪೀಕರುಗಳಿಂದ ಹೊರಟಿತು. ೨೦೨೩ರಲ್ಲಿ ಬಂದ ಹ್ಯುಂಡೈನ ಐಯಾನಿಕ್ ೫ ಎನ್ ಎಂಬ ವಿದ್ಯುತ್ ಕಾರು, ಇಲ್ಲದ ಗೇರುಗಳನ್ನು ಬದಲಾಯಿಸಿದಂತೆ ಅಭಿನಯಿಸಿ ಅದಕ್ಕೆ ತಕ್ಕ ಶಬ್ದವನ್ನೂ ಮಾಡುವುದು. ಒಂದೇ ಗಾಡಿಯ ಅವೇ ಸ್ಪೀಕರುಗಳು ನಿಜವಾದ ಶಬ್ದವನ್ನು ಅಳಿಸುವುದಕ್ಕೂ ಕೃತಕವಾದುದನ್ನು ತುಂಬುವುದಕ್ಕೂ ಬರುವುದನ್ನು ನೋಡಿದರೆ ಆಶ್ಚರ್ಯವಾಗುವುದು.

ಬೀದಿಯ ಕಥೆಯು ಬೇರೆ. ೧೯೯೭ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಎಂಬ ಮಿಶ್ರಶಕ್ತಿಯ ಗಾಡಿಯು ಬಂದಿತು. ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ೨೦೦೧ರಲ್ಲಿ ರಸ್ತೆಗಿಳಿದು, ಲಂಡನ್ನಿನಲ್ಲಿಯೂ ಜಿ-ವಿಜ್ ಎಂಬ ಹೆಸರಿನಿಂದ ಸಂಚರಿಸಿತು. ಇಂತಹ ಗಾಡಿಗಳು ಮೆಲ್ಲನೆ ಬರುವಾಗ ಕಿವಿಗೆ ಬೀಳುವುದಿಲ್ಲವೆಂದು ಅಮೇರಿಕೆಯ ಅಂಧರ ರಾಷ್ಟ್ರೀಯ ಒಕ್ಕೂಟವು ಮೊರೆಯಿಟ್ಟಿತು. ೨೦೧೦ರಲ್ಲಿ ಜಪಾನ್ ಸರ್ಕಾರವು ಮಾರ್ಗಸೂಚಿಯನ್ನು ಹೊರಡಿಸಿತು; ೨೦೧೧ರ ಜನವರಿಯಲ್ಲಿ ಅಮೇರಿಕೆಯ ಅಧ್ಯಕ್ಷರು ಪಾದಚಾರಿಗಳ ರಕ್ಷಣೆಯ ಕಾನೂನಿಗೆ ಅಂಕಿತವನ್ನು ಹಾಕಿದರು. ವಿಶ್ವಸಂಸ್ಥೆಯ ಆಶ್ರಯದಲ್ಲಿ ೨೦೧೬ರಲ್ಲಿ ಜಾರಿಗೆ ಬಂದ ೧೩೮ನೆಯ ನಿಯಮದಂತೆ ಗಾಡಿಯು ಗಂಟೆಗೆ ೧೦ ಕಿಲೋಮೀಟರಿನಲ್ಲಿ ಕನಿಷ್ಠ ೫೦ ಡೆಸಿಬೆಲ್, ೨೦ರಲ್ಲಿ ೫೬ ಡೆಸಿಬೆಲ್ ಶಬ್ದವನ್ನು ಮಾಡಬೇಕು, ೭೫ನ್ನು ಮೀರಬಾರದು. ಅದಕ್ಕೂ ಮೇಲಿನ ವೇಗದಲ್ಲಿ ಟಯರಿನ ಸದ್ದೇ ಸಾಕಾಗುವುದು. ಯೂರೋಪಿನ ಒಕ್ಕೂಟದಲ್ಲಿ ೨೦೧೯ರ ಜುಲೈಯಿಂದ ಹೊಸ ಮಾದರಿಗಳಿಗೂ, ೨೦೨೧ರ ಜುಲೈಯಿಂದ ಎಲ್ಲ ಹೊಸ ಗಾಡಿಗಳಿಗೂ ಇದು ಕಡ್ಡಾಯವಾಯಿತು. ಭಾರತ ಸರ್ಕಾರವು ೨೦೨೫ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಕರಡು ನಿಯಮವು, ೨೦೨೬ರ ಅಕ್ಟೋಬರಿನಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳಿಗೂ ಒಂದು ವರ್ಷದ ತರುವಾಯ ಉಳಿದವುಗಳಿಗೂ ಇದನ್ನು ವಿಧಿಸಲು ಸೂಚಿಸಿತು. ಕೆಂಪು ಬಾವುಟದ ಆಳು ನೂರೈವತ್ತು ವರ್ಷಗಳ ಮೇಲೆ ಬೇರೆ ವೇಷದಲ್ಲಿ ಮರಳಿ ಬಂದಿರುವನು.

ಹೀಗಿರಲು, ಒಳಗಿನ ಶಬ್ದವೂ ಕೃತಕ, ಹೊರಗಿನದೂ ಕೃತಕ. ಒಂದನ್ನು ನಿಂದಿಸಿ ಇನ್ನೊಂದನ್ನು ಬೇಡುವುದು ಪಕ್ಷಪಾತವಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಎತ್ತಿನ ಕೊರಳ ಗಂಟೆಯನ್ನು ಯೋಚಿಸಿರಿ. ಅದೂ ಮನುಷ್ಯನು ಕಟ್ಟಿದ್ದೇ. ಆದರೆ ಎತ್ತು ಹೆಜ್ಜೆಯಿಟ್ಟಾಗ ಮಾತ್ರ ಅದು ನುಡಿಯುವುದರಿಂದ ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ಶಬ್ದವು ಸಹಜವೋ ಕೃತಕವೋ ಎಂಬುದು ಮುಖ್ಯವಲ್ಲ. ವ್ಯಾಪ್ತಿಯು ಕೆಡದಿರುವುದು ಮುಖ್ಯ. ವಿಶ್ವಸಂಸ್ಥೆಯ ನಿಯಮವು ವೇಗವೇರಿದಂತೆ ಶ್ರುತಿಯೂ ಏರಬೇಕೆಂದು, ಕಿಲೋಮೀಟರಿಗೆ ಶೇಕಡ ೦.೮ರಂತೆ ಲೆಕ್ಕವನ್ನೂ ಹೇಳಿರುವುದು ಈ ವ್ಯಾಪ್ತಿಯನ್ನು ಕಾಪಾಡುವುದಕ್ಕಾಗಿಯೇ. ಒಳಗಿನ ಗರ್ಜನೆಯ ವಿಷಯದಲ್ಲಿಯೂ ನ್ಯಾಯವಾಗಿ ಹೇಳಬೇಕಾದರೆ, ಅದೂ ಯಂತ್ರದ ಸುತ್ತುಗಳನ್ನು ಅನುಸರಿಸಿಯೇ ಏರಿಳಿಯುವುದುಂಟು. ಸುತ್ತುಗಳ ವಿಷಯದಲ್ಲಿ ಅದು ನಿಜವನ್ನಾಡಿ, ಬಲದ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡುವುದು. ಕೊಂಡವನು ತಿಳಿದೇ ಅದನ್ನು ಸವಿದರೆ ಅದು ನಾಟಕದ ರಸ; ನನ್ನ ಶಿಷ್ಯನ ಸಂತೋಷಕ್ಕೆ ನಾನು ಅಡ್ಡಬರುವುದಿಲ್ಲ. ತಿಳಿಸದೆ ಮಾರಿದರೆ ಅದು ವಂಚನೆ. ಆದರೆ ಇವೆರಡರಲ್ಲಿ ಯಾವುದು ಮೊದಲು ಆಗಬೇಕಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಒಳಗೆ ಕುಳಿತವನ ವಿನೋದಕ್ಕೆ ಇಷ್ಟು ಬುದ್ಧಿಯು ವೆಚ್ಚವಾಗಿರುವಾಗ, ಹೊರಗೆ ನಡೆಯುವವನ ಪ್ರಾಣಕ್ಕೆ ಐವತ್ತು ಡೆಸಿಬೆಲ್ಲನ್ನು ಕೊಡಲು ಹಿಂದೆಗೆಯಬಾರದು.

ಇದನ್ನೆಲ್ಲ ಮಿತ್ರರಿಗೆ ಓದಿ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಶ್ರುತಿ ಏರಿದರೆ ಗಾಡಿಯ ವೇಗ ನನಗೆ ತಿಳಿಯುತ್ತದೆ, ಶಾಸ್ತ್ರಿಗಳೇ. ಅಷ್ಟು ಸಾಕು, ಅದು ರಾಗ ಹಾಡಬೇಕಾಗಿಲ್ಲ" ಎಂದರು. ಕಿವಿಯು ನಿರ್ದುಷ್ಟವಾಗಿದೆಯೆಂದು ವೈದ್ಯರು ಪರೀಕ್ಷಿಸಿ ಹೇಳಿರುವರು. ಆದರೂ ಅವರು ಈಗ ದೇವಸ್ಥಾನಕ್ಕೆ ಒಬ್ಬರೇ ಹೊರಡುವುದಿಲ್ಲ. ಮೊಮ್ಮಗನಿಗೆ ಶಾಲೆಯಿಲ್ಲದ ದಿನ ಮಾತ್ರ, ಅವನ ಕೈ ಹಿಡಿದು ಹೋಗುವರು.