ಅಲಗೇರಿಗೆ ವಿಮಾನ ಬಂದರೆ ಶಬ್ದಕ್ಕೆ ಮಿತಿ ಎಷ್ಟು? ಇಲ್ಲಿದೆ ಲೆಕ್ಕ

ಶಿರಸಿ: ಅಂಕೋಲಾದ ಅಲಗೇರಿಯಲ್ಲಿ ನೌಕಾನೆಲೆಯ ಜೊತೆ ನಾಗರಿಕ ವಿಮಾನ ನಿಲ್ದಾಣ ಮಾಡುವ ಯೋಜನೆ ಇದೆ. ಅದು ಶುರುವಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೂ ಅನುಕೂಲವೇ. ಆದ್ರೆ ಸದ್ದು ಕೇಳೋದು ಘಟ್ಟದ ಕೆಳಗಿನ ಮನೆಗಳಿಗೆ. ಸೀಬರ್ಡ್‌ಗೆ ಒಮ್ಮೆ ಜಾಗ ಬಿಟ್ಟುಕೊಟ್ಟ ಕರಾವಳಿ ಅದು. ಅವರಿಗೆ ಕಾನೂನು ಏನು ಕೊಡುತ್ತೆ?

ಮಿತಿ ಎಷ್ಟು?
2000ದ ಶಬ್ದ ಮಾಲಿನ್ಯ ನಿಯಮ ಮತ್ತು 2018ರಲ್ಲಿ ಕೇಂದ್ರ ಸರ್ಕಾರ ತಂದ ವಿಮಾನ ನಿಲ್ದಾಣದ ಮಾನದಂಡ ಹೀಗಿವೆ (ಡೆಸಿಬೆಲ್‌ನಲ್ಲಿ, ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6):

* ವಸತಿ ಪ್ರದೇಶ: ಹಗಲು 55, ರಾತ್ರಿ 45
* ಅಂಗಡಿ, ಪೇಟೆ: ಹಗಲು 65, ರಾತ್ರಿ 55
* ಸಣ್ಣ ವಿಮಾನ ನಿಲ್ದಾಣ: ಹಗಲು 65, ರಾತ್ರಿ 60
* ವರ್ಷಕ್ಕೆ 50,000ಕ್ಕಿಂತ ಹೆಚ್ಚು ಹಾರಾಟದ ನಿಲ್ದಾಣ: ಹಗಲು 70, ರಾತ್ರಿ 65

ಅಂದರೆ ರಾತ್ರಿ ಹೊತ್ತು ನಮ್ಮ ಪೇಟೆ ಬೀದಿಗಿಂತಲೂ ಹೆಚ್ಚು ಸದ್ದಿಗೆ ಅಲ್ಲಿ ಅವಕಾಶ ಇದೆ. ಡೆಸಿಬೆಲ್ 10 ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಕೇಳುತ್ತೆ.

ಸರಾಸರಿಯ ಸಮಸ್ಯೆ
ಈ ಅಂಕಿಗಳು ಇಡೀ ಹಗಲು ಅಥವಾ ಇಡೀ ರಾತ್ರಿಯ ಸರಾಸರಿ. ರಾತ್ರಿ 2 ಗಂಟೆಗೆ ಒಂದು ವಿಮಾನ 30 ಸೆಕೆಂಡ್ 85 ಡೆಸಿಬೆಲ್ ಸದ್ದು ಮಾಡಿತು ಅಂತಿಟ್ಟುಕೊಳ್ಳಿ. ಮನೆಮಂದಿ ಎಲ್ಲಾ ಏಳ್ತಾರೆ. ಆದರೆ ಉಳಿದ ಹೊತ್ತು ಮೌನ ಇದ್ದರೆ 8 ತಾಸಿನ ಸರಾಸರಿ ಬರೋದು ಸುಮಾರು 55. ಅಂಥ ಎರಡು ವಿಮಾನ ಹಾರಿದರೆ 58. ಲೆಕ್ಕದಲ್ಲಿ ಎಲ್ಲ ಸರಿ, ನಿದ್ದೆ ಮಾತ್ರ ಇಲ್ಲ.

ದೂರು ಕೊಡೋದು ಯಾವಾಗ?
2000ದ ನಿಯಮದಲ್ಲಿ ಮಿತಿ ದಾಟಿದ್ದಷ್ಟೇ ಸಾಲದು, 10 ಡೆಸಿಬೆಲ್ ಅಥವಾ ಹೆಚ್ಚು ದಾಟಿರಬೇಕು. ರಾತ್ರಿ ನಿರ್ಬಂಧ ಮುರಿದರೆ, ಉದಾಹರಣೆಗೆ ಅನುಮತಿ ಇಲ್ಲದೆ 10ರ ನಂತರ ಮೈಕ್ ಹಾಕಿದರೆ, ಈ ಅಳತೆಯ ಷರತ್ತಿಲ್ಲ. ನಮ್ಮೂರಿನ ಡಿಜೆ ಕಾಟಕ್ಕೂ ಇದೇ ನಿಯಮ.

ಮೊದಲೇ ಕೇಳುವುದು ಒಳ್ಳೇದು
2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ವಿಮಾನ ನಿಲ್ದಾಣವೂ ಇದೆ. ಆ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಸುವಾಗ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಅಲ್ಲಿ ಹೇಳಿದ ಮಾತು ದಾಖಲಾಗುತ್ತೆ. ಕೇಳಬೇಕಾದ್ದು ಎರಡು: ರಾತ್ರಿ ಹಾರಾಟ ಇದೆಯಾ? ಒಂದೊಂದು ವಿಮಾನದ ಸದ್ದು ಯಾವ ಮನೆಗೆ ಎಷ್ಟು ಮುಟ್ಟುತ್ತೆ?

ಜರ್ಮನಿಯ ಫ್ರಾಂಕ್‌ಫರ್ಟ್‌ನಂಥ ದೊಡ್ಡ ನಿಲ್ದಾಣದಲ್ಲೇ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ಹಾರಾಟಕ್ಕೆ ನಿಷೇಧ ಇದೆ. ಅಲ್ಲಿ ಆಗಿದ್ದನ್ನು ಇಲ್ಲಿ ಕೇಳಿದರೆ ತಪ್ಪಿಲ್ಲ. ಅನುಕೂಲ ಪಡೆಯುವ ಘಟ್ಟದ ಮೇಲಿನ ನಾವೂ ಆ ಮಾತಿಗೆ ದನಿಗೂಡಿಸಬೇಕು.