ರೋಗಿಯ ತಟ್ಟೆ ಮತ್ತು ಹಲಾಲ್‌ನ ಅರಿವು

ಆಸ್ಪತ್ರೆಯಲ್ಲಿ ರೋಗಿಯ ಊಟದ ಪಟ್ಟಿ ತಯಾರಿಸುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ, 'ವೆಜ್ಜೋ, ನಾನ್‌ವೆಜ್ಜೋ?' ಎಂಬುದು. ಮುಸ್ಲಿಮ್ ರೋಗಿಗೆ ಈ ಪ್ರಶ್ನೆ ಸಾಲದು. ಅವರು ಮಾಂಸ ತಿನ್ನುವವರೇ ಇರಬಹುದು. ಆದರೆ ಅದು ಯಾವ ಪ್ರಾಣಿಯದು, ಹೇಗೆ ಕೊಯ್ದದ್ದು ಎಂದು ತಿಳಿಯದಿದ್ದರೆ ಸಂಕೋಚದಿಂದ ತಟ್ಟೆಯನ್ನು ಪಕ್ಕಕ್ಕಿಡುತ್ತಾರೆ. ತಟ್ಟೆಯಲ್ಲೇ ಉಳಿದ ಪ್ರೋಟೀನ್ ಯಾರ ಗಾಯವನ್ನೂ ಮಾಯಿಸುವುದಿಲ್ಲ.

ಪಥ್ಯವೂ ಧರ್ಮವೂ ಒಂದು ಕಾಲದಲ್ಲಿ ಒಂದೇ ಅಡುಗೆಮನೆಯಲ್ಲಿದ್ದವು. ವೈದ್ಯ ಅಲ್ ರಾಝಿ (ನಿಧನ 925) ಆಹಾರಗಳ ಪ್ರಯೋಜನ ಮತ್ತು ಅವುಗಳ ಕೆಡುಕಿನ ನಿವಾರಣೆಯ ಬಗ್ಗೆಯೇ ಗ್ರಂಥ ಬರೆದರು. 11ನೆಯ ಶತಮಾನದಲ್ಲಿ ಬಗ್ದಾದಿನ ಇಬ್ನ್ ಬುತ್ಲಾನ್ 'ತಕ್ವೀಮುಸ್ಸಿಹ್ಹ' ಎಂಬ ಕೃತಿಯಲ್ಲಿ ಆಹಾರದ ಗುಣದೋಷಗಳನ್ನು ಕೋಷ್ಟಕಗಳಲ್ಲಿ ಜೋಡಿಸಿದರು. ಅವರು ಕ್ರೈಸ್ತರು. ಅವರ ಕೃತಿ ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪನ್ನೂ ತಲುಪಿತು. 1284ರಲ್ಲಿ ಸುಲ್ತಾನ್ ಖಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಅಡುಗೆಮನೆಯೂ ಇತ್ತು. ಅಲ್ಲಿ ಹಲಾಲ್ ಬೇರೆಯೇ ಒಂದು ಪಾಠವಾಗುವ ಅಗತ್ಯವಿರಲಿಲ್ಲ. ಅದು ಊರಿನ ಬದುಕಿನಲ್ಲೇ ಬೆರೆತಿತ್ತು.

ಆಧುನಿಕ ಪೌಷ್ಟಿಕ ವಿಜ್ಞಾನ ಬೇರೆ ದಾರಿಯಲ್ಲಿ ಬಂತು. ನಮ್ಮ ದೇಶದಲ್ಲಿ ಅದರ ಬೇರು ಇರುವುದು 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಬೆರಿಬೆರಿ ಸಂಶೋಧನೆಯಲ್ಲಿ. ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯಾಯಿತು. ಆಹಾರವೆಂದರೆ ಕ್ಯಾಲೊರಿ, ಪ್ರೋಟೀನ್, ವಿಟಮಿನ್‌ಗಳ ಲೆಕ್ಕವಾಯಿತು. ಈ ಲೆಕ್ಕ ಅನೇಕ ರೋಗಗಳ ಕಾರಣವನ್ನು ತೋರಿಸಿಕೊಟ್ಟಿತು. ಆದರೆ ಆಹಾರದ ಮೂಲ ಯಾವುದು ಎಂಬ ಪ್ರಶ್ನೆಗೆ ಅದರಲ್ಲಿ ಸ್ಥಳವಿರಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಗಳು ಆ ಮೂಲವನ್ನೇ ಮರೆಮಾಡಿದವು. ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವ ಜೆಲಾಟಿನ್ ಜೆಲ್ಲಿಯಲ್ಲೂ ಮಾತ್ರೆಯ ಕ್ಯಾಪ್ಸೂಲಿನಲ್ಲೂ ಸೇರಿತು. 1988ರಲ್ಲಿ ಇಂಡೋನೇಷ್ಯಾದಲ್ಲಿ ದಿನಬಳಕೆಯ ತಿನಿಸುಗಳಲ್ಲಿ ಹಂದಿಕೊಬ್ಬಿನ ಅಂಶವಿದೆ ಎಂಬ ಸುದ್ದಿ ದೊಡ್ಡ ಗದ್ದಲ ಎಬ್ಬಿಸಿತು. ಮರುವರ್ಷವೇ ಅಲ್ಲಿನ ಉಲಮಾ ಮಂಡಳಿ ಪರೀಕ್ಷಾ ಸಂಸ್ಥೆಯೊಂದನ್ನು ಸ್ಥಾಪಿಸಿತು. ಮಲೇಷ್ಯಾ 1974ರಿಂದಲೇ ಹಲಾಲ್ ಪ್ರಮಾಣಪತ್ರ ನೀಡುತ್ತಿತ್ತು. ಹೀಗೆ ಹಲಾಲ್ ಎಂಬುದು ಕಟುಕನ ಕತ್ತಿಯಿಂದ ಪ್ರಯೋಗಾಲಯದವರೆಗೆ ವಿಸ್ತರಿಸಿತು.

ನಮ್ಮಲ್ಲಿ 2001ರಲ್ಲಿ ಪೊಟ್ಟಣಗಳ ಮೇಲೆ ಹಸಿರು ಮತ್ತು ಕಂದು ಗುರುತುಗಳು ಬಂದವು. ಸಸ್ಯಾಹಾರಿಗೆ ಇದರಿಂದ ಉತ್ತರ ಸಿಕ್ಕಿತು. ಆದರೆ ಕಂದು ಗುರುತು ಯಾವ ಪ್ರಾಣಿಯದೆಂದು ಹೇಳುವುದಿಲ್ಲ. 2022ರ ಯುಗಾದಿಯ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ಮಾಂಸದ ಬಹಿಷ್ಕಾರಕ್ಕೆ ಕರೆ ನೀಡಲಾಯಿತು. ಹಲಾಲ್ ಎಂಬ ಪದವನ್ನು ವಿವಾದದ ಮೂಲಕವೇ ಮೊದಲು ಕೇಳಿದ ವಿದ್ಯಾರ್ಥಿನಿಗೆ ಅದು ರೋಗಿಯ ಅಗತ್ಯವಾಗಿ ಕಾಣಿಸುವುದು ಕಷ್ಟ.

ನಮ್ಮವರ ಅರಿವೂ ಪೂರ್ಣವಾಗಿಲ್ಲ. ಹಲಾಲ್ ಎಂದರೆ ಮಾಂಸದ ಅಂಗಡಿಯ ಫಲಕ ಎಂದಷ್ಟೇ ಭಾವಿಸುವವರಿದ್ದಾರೆ. ಪವಿತ್ರ ಕುರ್‌ಆನ್ ಹಲಾಲ್‌ನೊಂದಿಗೆ 'ತಯ್ಯಿಬ್', ಅಂದರೆ ಶುದ್ಧ ಮತ್ತು ಉತ್ತಮ, ಎಂಬ ಪದವನ್ನೂ ಜೋಡಿಸುತ್ತದೆ. ನಿಷಿದ್ಧಗಳನ್ನು ಹೇಳುವ ಅಲ್ ಬಕರ ಅಧ್ಯಾಯದ 173ನೆಯ ವಚನವೇ ಅನಿವಾರ್ಯತೆಗೆ ಸಿಲುಕಿದವನಿಗೆ ವಿನಾಯಿತಿಯನ್ನೂ ಕೊಡುತ್ತದೆ. 1920ರ ದಶಕದಿಂದ ದೀರ್ಘಕಾಲ ಇನ್ಸುಲಿನ್ ಬರುತ್ತಿದ್ದುದು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ. 1982ರಲ್ಲಿ ಸೂಕ್ಷ್ಮಾಣುಗಳ ಮೂಲಕ ತಯಾರಾದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆ ನಡುವಿನ ಆರು ದಶಕಗಳಲ್ಲಿ ಜೀವ ಉಳಿಸುವ ಔಷಧವನ್ನು ತ್ಯಜಿಸಬೇಕೆಂದು ಧರ್ಮ ಹಟ ಹಿಡಿಯುವುದಿಲ್ಲ ಎಂಬ ತಿಳಿವಳಿಕೆ ರೋಗಿಗೂ ಬೇಕಿತ್ತು, ವೈದ್ಯನಿಗೂ ಬೇಕಿತ್ತು.

ಪಥ್ಯಾಹಾರ ಕಲಿಯುವ ವಿದ್ಯಾರ್ಥಿ ಫತ್ವಾ ನೀಡಬೇಕಾಗಿಲ್ಲ. ಜೆಲಾಟಿನ್ ಎಲ್ಲಿಂದ ಬಂತು, ಮಾಂಸಕ್ಕೆ ಬದಲು ಬೇಳೆ, ಮೊಟ್ಟೆ, ಮೀನು ಎಷ್ಟು ಕೊಡಬಹುದು ಎಂಬುದನ್ನು ತಿಳಿದು, ರೋಗಿಯನ್ನು ಗೌರವದಿಂದ ಒಂದು ಮಾತು ಕೇಳಿದರೆ ಸಾಕು. ಆ ಒಂದು ಮಾತಿನಿಂದ ತಟ್ಟೆ ಖಾಲಿಯಾಗುತ್ತದೆ, ಗಾಯ ಮಾಯುತ್ತದೆ.