ನೀರಿನ ಗುರುತುಗಳು: ಮ್ಯಾಗ್‌ಪೈ ಸೀಸದ ಗಣಿಯ ಅವಶೇಷಗಳು

ಇಂಗ್ಲೆಂಡಿನ ಡಾರ್ಬಿಶೈರ್‌ನಲ್ಲಿ, ಬೇಕ್‌ವೆಲ್ ಪಟ್ಟಣಕ್ಕೆ ಹತ್ತಿರದ ಶೆಲ್ಡನ್ ಹಳ್ಳಿಯ ದಕ್ಷಿಣಕ್ಕೆ, ಬಯಲು ದಿನ್ನೆಯ ಮೇಲೆ ಮ್ಯಾಗ್‌ಪೈ ಗಣಿ ಪಾಳುಬಿದ್ದಿದೆ. ಸೂರಿಲ್ಲದ ಕಲ್ಲಿನ ಎಂಜಿನ್ ಮನೆ, ಅದರ ಮಗ್ಗುಲಿಗೆ ದುಂಡು ಚಿಮಣಿ, ತುಸು ದೂರದಲ್ಲಿ ಚೌಕ ಚಿಮಣಿ, ಮೇಲ್ವಿಚಾರಕನ ಮನೆ, ಕುಲುಮೆ, ಒಂದು ತಗಡಿನ ಶೆಡ್ಡು. ಮೊದಲ ನೋಟಕ್ಕೆ ಇವೆಲ್ಲ ಸೀಸದ ಸಂಪತ್ತು ಕಟ್ಟಿಸಿದ ಕಟ್ಟಡಗಳೆನ್ನಿಸುತ್ತವೆ. ಒಂದೊಂದೂ ಯಾವ ಕೆಲಸಕ್ಕೆ ಎದ್ದಿತೆಂದು ಕೇಳುತ್ತ ಹೋದರೆ ಬೇರೆಯೇ ಉತ್ತರ ದೊರೆಯುತ್ತದೆ. ಇಲ್ಲಿನ ದೊಡ್ಡ ರಚನೆಗಳನ್ನು ಎಬ್ಬಿಸಿದ್ದು ಅದಿರಿಗಿಂತ ಹೆಚ್ಚಾಗಿ ನೀರು ಎಂಬುದು ಈ ಲೇಖನದ ವಾದ.

ಇಲ್ಲಿಯ ಸೀಸದ ಅದಿರು ಗೆಲೀನಾ. ಸುಣ್ಣಕಲ್ಲಿನ ಬಂಡೆಯಲ್ಲಿ ನೆಟ್ಟಗೆ ನಿಂತ ಸೀಳುಗಳೊಳಗೆ ಅದು ಸಿಗುತ್ತದೆ. ಸುಣ್ಣಕಲ್ಲು ಮಳೆನೀರನ್ನು ಒಳಕ್ಕೆ ಬಿಟ್ಟುಕೊಳ್ಳುವ ಕಲ್ಲು. ಆದ್ದರಿಂದ ಅದಿರನ್ನು ಹಿಂಬಾಲಿಸಿ ಕೆಳಕ್ಕಿಳಿದಷ್ಟೂ ನೀರು ಎದುರಾಗುತ್ತದೆ. ಮೊದಮೊದಲು ಕುದುರೆಗಳೇ ಸಾಕಾಗಿದ್ದವು. ನಮ್ಮ ಎತ್ತಿನ ಗಾಣದಂತೆ ಕುದುರೆ ಸುತ್ತು ಹಾಕಿದಾಗ ಹಗ್ಗ ಸುತ್ತಿಕೊಂಡು ತೊಟ್ಟಿ ಮೇಲೆ ಬರುತ್ತಿತ್ತು. ಆ ಸುತ್ತಿನ ಜಾಗ ಇಂದಿಗೂ ಇದೆ.

ನೆಲದ ಮೇಲೆ ಗುರುತು ಉಳಿಸದ ಘಟನೆಯನ್ನೂ ಇಲ್ಲಿ ಹೇಳಲೇಬೇಕು. ಡಾರ್ಬಿಶೈರ್‌ನ ಹಳೆಯ ಗಣಿ ಕಟ್ಟಳೆಯಂತೆ ಅದಿರಿನ ಸೀಳನ್ನು ಕಂಡುಕೊಂಡವನು ನಿಗದಿತ ಅಳತೆಯ ಅದಿರು ಒಪ್ಪಿಸಿ ಅದರ ಹಕ್ಕು ಪಡೆಯಬಹುದಿತ್ತು. ಇಂಥ ಹಕ್ಕುಗಳ ವ್ಯಾಜ್ಯಗಳನ್ನು ತೀರಿಸುವ ಬಾರ್‌ಮೋಟ್ ನ್ಯಾಯಸಭೆ ವರ್ಕ್ಸ್‌ವರ್ತ್‌ನಲ್ಲಿ ಈಗಲೂ ಸೇರುತ್ತದೆ. ಆದರೆ ಎರಡು ಸೀಳುಗಳು ಒಳಗೇ ಕೂಡಿದರೆ ಯಾರದು ಯಾವುದು? ಮ್ಯಾಗ್‌ಪೈಗೂ ಪಕ್ಕದ ರೆಡ್‌ಸಾಯಿಲ್ ಗಣಿಗೂ ಈ ಜಗಳ ವರ್ಷಗಟ್ಟಲೆ ನಡೆಯಿತು. ಎದುರಾಳಿಗಳನ್ನು ಓಡಿಸಲು ಸುರಂಗದಲ್ಲಿ ಬೆಂಕಿ ಹಾಕಿ ಹೊಗೆಯೆಬ್ಬಿಸುವಷ್ಟಕ್ಕೆ ಅದು ಬೆಳೆಯಿತು. 1833ರಲ್ಲಿ ಆ ಹೊಗೆಗೆ ಉಸಿರುಕಟ್ಟಿ ರೆಡ್‌ಸಾಯಿಲ್‌ನ ಮೂವರು ಕೆಲಸಗಾರರು ಸತ್ತರು. ವಿಚಾರಣೆ ಡಾರ್ಬಿಯಲ್ಲಿ ನಡೆಯಿತು, ಆರೋಪಿಗಳು ಬಿಡುಗಡೆಯಾದರು. ಸತ್ತವರ ಹೆಂಡಂದಿರು ಮ್ಯಾಗ್‌ಪೈ ಗಣಿಗೆ ಶಾಪ ಹಾಕಿದರೆಂಬ ಮಾತು ಆ ಸೀಮೆಯಲ್ಲಿ ಉಳಿದಿದೆ. ಗಣಿಯ ಮುಂದಿನ ಸೋಲುಗಳಿಗೆ ಆ ಶಾಪವನ್ನು ಕಾರಣವಾಗಿ ಹೇಳುವವರಿದ್ದಾರೆ. ನನಗೆ ಕಾಣುವ ಕಾರಣ ನೀರು. ಆದರೂ ಮೂರು ಸಾವುಗಳ ನೆನಪನ್ನು ಜನ ಕಾಪಿಟ್ಟುಕೊಂಡದ್ದು ಈ ಶಾಪದ ಮಾತಿನಲ್ಲೇ. ಅದನ್ನು ಕಟ್ಟುಕತೆಯೆಂದು ತಳ್ಳಿಹಾಕಲು ಮನಸ್ಸು ಬಾರದು.

1839ರ ಸುಮಾರಿಗೆ ಗಣಿಯ ಆಡಳಿತ ಜಾನ್ ಟೇಲರ್ (1779–1863) ಕೈಗೆ ಬಂತು. ಕಾರ್ನ್‌ವಾಲ್‌ನ ಗಣಿ ವಿದ್ಯೆಯನ್ನು ಆತ ಇಲ್ಲಿಗೆ ತಂದ. ಚೌಕ ಚಿಮಣಿ, ಮೇಲ್ವಿಚಾರಕನ ಮನೆ, ಕುಲುಮೆ ಆ ಕಾಲದವು. ಹಬೆಯಂತ್ರ ಬಂದರೂ ನೀರು ಸೋಲಲಿಲ್ಲ. ಕೆಲವೇ ವರ್ಷಗಳಲ್ಲಿ ಕೆಲಸ ನಿಂತಿತು. ಇಂದು ಕಣ್ಣಿಗೆ ಮೊದಲು ಬೀಳುವ ಎಂಜಿನ್ ಮನೆ 1869ರದು, 70 ಅಂಗುಲ ವ್ಯಾಸದ ಸಿಲಿಂಡರಿನ ಪಂಪಿಗಾಗಿ ಕಟ್ಟಿದ್ದು. ನೆಟ್ಟಗಿಳಿಯುವ ಗಣಿಬಾವಿಯ, ಅಂದರೆ ಶಾಫ್ಟಿನ, ಕಡೆಯ ಗೋಡೆ ಮಿಕ್ಕವಕ್ಕಿಂತ ದಪ್ಪ. ಏತದಂತೆ ಏರಿಳಿಯುವ ಭಾರಿ ತೊಲೆಯ ನಡು ಕೂರುತ್ತಿದ್ದುದು ಆ ಗೋಡೆಯ ನೆತ್ತಿಯ ಮೇಲೆ. ಒಂದು ತುದಿಯನ್ನು ಒಳಗಿನ ಹಬೆ ಎಳೆದರೆ, ಇನ್ನೊಂದು ತುದಿ ಸುಮಾರು 220 ಮೀಟರ್ ಆಳದ ಶಾಫ್ಟಿನಲ್ಲಿ ಪಂಪಿನ ಸರಳುಗಳನ್ನು ಎತ್ತುತ್ತಿತ್ತು.

ಅದೂ ಸಾಲಲಿಲ್ಲ. 1873ರಲ್ಲಿ ವೈ ನದಿಯ ದಡದಿಂದ ಗಣಿಯತ್ತ ನೀರು ಬಸಿಯುವ ಸುರಂಗ ಕೊರೆಯತೊಡಗಿದರು. ಇಂಥ ಸುರಂಗಕ್ಕೆ ಅಲ್ಲಿಯ ಮಾತು ‘ಸಫ್’. ಒಂದು ಮೈಲಿ ಮೀರಿದ ಆ ದಾರಿಗೆ ಗಟ್ಟಿ ಲಾವಾಶಿಲೆ ಅಡ್ಡ ಬಂದು, ಕೆಲಸ ಮುಗಿದದ್ದು 1881ರಲ್ಲಿ. ಅದರ ಮಟ್ಟಕ್ಕಿಂತ ಕೆಳಗಿನ ಶಾಫ್ಟು ಇಂದಿಗೂ ಮುಳುಗಿದೆ. ಸಫ್ ಮುಗಿದ ಎರಡೇ ವರ್ಷಕ್ಕೆ ಗಣಿ ಮತ್ತೆ ಮುಚ್ಚಿತು. 1962ರಲ್ಲಿ ಸಫ್‌ನೊಳಗೆ ಮಣ್ಣು ಕುಸಿದು ನೀರು ಕಟ್ಟಿಕೊಂಡಿತು. 1966ರಲ್ಲಿ ಅದು ಒಮ್ಮೆಲೇ ಸ್ಫೋಟಿಸಿ ನದಿಗೆ ನುಗ್ಗಿತು. ಅದಕ್ಕೂ ಮುಂಚೆ, ಗಣಿಯಲ್ಲಿ ಕಟ್ಟಕಡೆಯ ಪ್ರಯತ್ನ ನಡೆದದ್ದು 1950ರ ದಶಕದಲ್ಲಿ. ಶಾಫ್ಟಿನ ಮೇಲಿನ ಉಕ್ಕಿನ ಎತ್ತುಚೌಕಟ್ಟು (ಹೆಡ್‌ಗೇರ್) ಮತ್ತು ತಗಡಿನ ಶೆಡ್ಡು ಆಗಿನವು.

1962ರಿಂದ ಈ ಜಾಗವನ್ನು ನೋಡಿಕೊಳ್ಳುತ್ತಿರುವ ಪೀಕ್ ಡಿಸ್ಟ್ರಿಕ್ಟ್ ಮೈನ್ಸ್ ಹಿಸ್ಟಾರಿಕಲ್ ಸೊಸೈಟಿ ಆ ಶೆಡ್ಡನ್ನು ಕಿತ್ತುಹಾಕಲಿಲ್ಲ. ಕಲ್ಲಿನ ಗೋಡೆಯ ಪಕ್ಕ ತುಕ್ಕು ಹಿಡಿದ ತಗಡು ಅಂದಗೆಡಿಸುತ್ತದೆಂದು ತೆಗೆದಿದ್ದರೆ, ಗಣಿಯ ಕೊನೆಯ ಅಧ್ಯಾಯವೇ ಹರಿದುಹೋಗುತ್ತಿತ್ತು. ಡಾರ್ಬಿಶೈರ್‌ನ ಎಷ್ಟೋ ಸೀಸದ ಗಣಿಗಳ ಗುರುತು, ಹಳೆಯ ಕಸದ ದಿಬ್ಬಗಳನ್ನು ಫ್ಲೋರೈಟ್‌ಗಾಗಿ ಮತ್ತೆ ಅಗೆದದ್ದರಿಂದ ಅಳಿಸಿಹೋಗಿದೆ. ಹಾಗಾಗಿ ಮ್ಯಾಗ್‌ಪೈ ಇನ್ನಷ್ಟು ಅಮೂಲ್ಯ.

ಟೇಲರ್ ಸತ್ತು 17 ವರ್ಷಗಳಾದ ಮೇಲೆ, 1880ರಲ್ಲಿ, ಅವನ ಹೆಸರಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂತು. ಶೆಲ್ಡನ್‌ನ ಚೌಕ ಚಿಮಣಿಗೂ ಕೆಜಿಎಫ್‌ನ ಶಾಫ್ಟುಗಳಿಗೂ ಹೀಗೊಂದು ನೇರ ನಂಟಿದೆ. ಕೋಲಾರದ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿಯೂ ಬಂಗಲೆಗಳಷ್ಟೇ ಅಲ್ಲ, ಪಂಪುಮನೆ, ತಗಡಿನ ಶೆಡ್ಡು, ಕಾರ್ಮಿಕರ ಲೈನುಗಳು ಕೂಡ ಅಳತೆಯ ನಕ್ಷೆಗೆ ಸೇರಬೇಕು. ತಗಡು ಕಲ್ಲಿಗಿಂತ ಬೇಗ ಹೋಗುವುದರಿಂದ, ಆ ಕೆಲಸ ಶೆಡ್ಡುಗಳಿಂದಲೇ ಶುರುವಾಗಬೇಕು.